ಎತ್ತಿನಬಂಡೆ ತಿರುವಿನ ಹದಿನಾಲ್ಕು ಕಲ್ಲು

ಮಾಗಿಯ ಚಳಿಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ನನಗೆ ಒಂದು ಕನಸು ಬೀಳುತ್ತಿತ್ತು. ಮೂರು ವರ್ಷದಿಂದ, ಹುರಳಿ ರಾಶಿಯ ಕಾಲ ಬಂತೆಂದರೆ ಅದೇ ಕನಸು. ಗುಡ್ಡದ ಮೇಲಿಂದ ಯಾರೋ ಹೊಸ ಸೀರೆಯ ಸೆರಗು ಎಳೆದುಕೊಂಡು ಬಂದಂತೆ ಸರ್ರ್ ಎಂಬ ಸದ್ದು. ಸದ್ದು ನಿಲ್ಲುತ್ತದೆ. ಆಮೇಲೆ ಟಕ್, ಟಕ್, ಟಕ್ ಎಂದು ಕಲ್ಲಿಗೆ ಕಲ್ಲು ತಾಗಿದ ದನಿ. ಮತ್ತೆ ಸರ್ರ್ ಎಂದು ಇಳಿಜಾರಿನ ಕೆಳಗೆ ಎಲ್ಲೋ ಕರಗಿಹೋಗುತ್ತದೆ. ನಮ್ಮೂರ ದೇವಿ ಗುಡ್ಡದವ್ವ ತನ್ನ ಗುಡ್ಡ ನೋಡಲು ಹೊರಟಿದ್ದಾಳೆ ಎಂದುಕೊಂಡು, ಕೌದಿಯನ್ನು ತಲೆಯ ಮೇಲೆ ಎಳೆದು ಮಗ್ಗಲು ಬದಲಿಸುತ್ತಿದ್ದೆ.

ಅದು ಕನಸಲ್ಲ. ಅದು ಏನು ಎಂದು ನನಗೆ ಗೊತ್ತಾದ ಕಥೆ ಇದು. ತಪ್ಪು ನನ್ನದೇ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ನಾನು ಚಂದವ್ವ. ನಮ್ಮೂರ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಕೆರೂರಿನಿಂದ ಬಾದಾಮಿ ಕಡೆಗೆ ಗುಡ್ಡ ಹತ್ತಿ ಇಳಿಯುವ ಒಂದು ಒಳರಸ್ತೆಯಿದೆ. ಆ ರಸ್ತೆಯ ನೆತ್ತಿಯ ಮೇಲೆ ನಮ್ಮ ಊರು, ಊರ ಕೊನೆಗೆ ನಮ್ಮ ಮನೆ. ಮನೆಯ ಹಿಂದಿನಿಂದ ರಸ್ತೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಒಂದು ದೊಡ್ಡ ಕೆಂಪು ಬಂಡೆಯನ್ನು ಬಳಸುತ್ತದೆ. ಬಂಡೆ ಮಲಗಿದ ಎತ್ತಿನ ಹಾಗೆ ಕಾಣುತ್ತದೆ. ಅದಕ್ಕೇ ಅದು ಎತ್ತಿನಬಂಡೆ ತಿರುವು.

ಪ್ರತಿ ವರ್ಷ ನಮ್ಮ ಕೆಂಪು ಮಣ್ಣಿನ ಮಸಾರಿ ಹೊಲದ ಹುರಳಿಯನ್ನು ಕಿತ್ತು ತಂದು ಆ ತಿರುವಿನಲ್ಲಿ, ಡಾಂಬರಿನ ಮೇಲೆ ಹರವುತ್ತಿದ್ದೆ. ಬೇರೆ ಕಡೆ ಗಾಡಿಗಳು ಜೋರಾಗಿ ಹೋಗಿ ಹುರಳಿಯನ್ನು ಚೆಲ್ಲಾಡುತ್ತವೆ. ತಿರುವಿನಲ್ಲಿ ನಿಧಾನವಾಗಿ ತುಳಿಯುತ್ತವೆ, ಕಾಳು ಚೆನ್ನಾಗಿ ಬಿಡುತ್ತದೆ. ಇದು ನಾನು ಕಂಡುಕೊಂಡ ಜಾಣತನ. ಬದಿಗೆ ಸರಿದು ಹೋಗದಂತೆ ಅಂಚಿಗೆ ಹದಿನಾಲ್ಕು ಕೆಂಪು ಕಲ್ಲು ಇಡುತ್ತಿದ್ದೆ. ಸಂಜೆ ಹುರಳಿ ಒಟ್ಟಿದ ಮೇಲೂ ಕಲ್ಲು ಅಲ್ಲೇ ಇರುತ್ತಿದ್ದವು, ಕಾವಲಿಗೆ.

ಮೂರು ಗಾಲಿಯ ಟಂಟಂ ಓಡಿಸುವ ರಾಜಮಹ್ಮದ ದಿನಕ್ಕೆ ಆರು ಸಲ ಅದರ ಮೇಲೆ ಹಾದು ಹೋಗುತ್ತಿದ್ದ.

"ಚಂದವ್ವಕ್ಕ, ನನ್ನ ಗಾಲಿ ನಿನ್ನ ಹುರಳಿ ತುಳದ ತುಳದ ಸವದ ಹೋದ್ವು. ಒಂದ ಚೀಲ ನನ್ನ ಮನಿಗಿ ಕಳಿಸು" ಎನ್ನುತ್ತಿದ್ದ.

"ನಿನ್ನ ಗಾಲಿ ಸವದಿದ್ದು ಖರೆ. ಆದ್ರ ನಿನ್ನ ಬಾಯಿ ಯಾಕ ಸವದಿಲ್ಲೋ?" ಎನ್ನುತ್ತಿದ್ದೆ. ಟಂಟಂನೊಳಗಿನವರೆಲ್ಲ ನಗುತ್ತಿದ್ದರು.

ಈ ವರ್ಷ, ರಾಶಿಯ ಎರಡನೆಯ ದಿನ, ಮಂಗಳವಾರ ಮಧ್ಯಾಹ್ನ, ಒಬ್ಬ ಹೆಣ್ಣುಮಗಳು ಸೈಕಲ್ ತಳ್ಳಿಕೊಂಡು ತಿರುವಿಗೆ ಬಂದಳು. ತಲೆಗೆ ಟೊಪ್ಪಿಗೆ, ಕಾಲಿಗೆ ಬೂಟು. ಅವಳ ಹಿಂದೆ ನನ್ನ ಮೈದುನನ ಮಗಳು ಭಾಗ್ಯಜ್ಯೋತಿ, ತನ್ನ ತೆಳುಗಾಲಿಯ ಸೈಕಲ್ಲಿನೊಂದಿಗೆ.

ಭಾಗ್ಯಜ್ಯೋತಿಗೆ ಹದಿನೇಳು. ಎತ್ತಿ ಬುಟ್ಟಿಯಲ್ಲಿ ಇಟ್ಟುಕೊಳ್ಳಬಹುದು, ಅಷ್ಟು ಹಗುರ. ದಿನಾ ಬೆಳಗ್ಗೆ ನಮ್ಮ ಗುಡ್ಡ ಇಳಿದು, ಬಾದಾಮಿ ದಾಟಿ, ಚೊಳಚಗುಡ್ಡದವರೆಗೆ ಹೋಗಿ ತಿರುಗಿ ಬರುತ್ತಾಳೆ ಎಂದು ಕೇಳಿದ್ದೆ. ಅವರ ಮನೆ ಮೇಲಿನ ಓಣಿಯಲ್ಲಿ. ಹುಡುಗಿ ಏನೋ ಆಡುತ್ತಾಳೆ, ಆಡಲಿ ಎಂದು ಬಿಟ್ಟಿದ್ದೆ.

"ಯಾರದ್ರಿ ಈ ಹುರಳಿ?" ಎಂದು ಬಂದವಳು ಕೇಳಿದಳು.

"ನಂದ. ಯಾಕ, ಮಾಪ ಹಾಕಾಕ ಬಂದೀರೇನು?"

"ದೊಡ್ಡವ್ವ, ಇವ್ರು ಅನುರಾಧಾ ಅಕ್ಕೋರು" ಎಂದು ಭಾಗ್ಯಜ್ಯೋತಿ ಸಣ್ಣ ದನಿಯಲ್ಲಿ ಹೇಳಿದಳು. "ನನಗ ಸೈಕಲ್ ಕಲಸ್ತಾರಲಾ, ಅವ್ರು."

ಅನುರಾಧಾ ಸಿಟ್ಟು ಮಾಡಲಿಲ್ಲ. "ರವಿವಾರ ಮುಂಜಾನೆ ಈ ದಾರ್ಯಾಗ, ಕೆರೂರಿಂದ ಚೊಳಚಗುಡ್ಡದ ತನಕ, ಹುಡುಗ್ಯಾರ ಸೈಕಲ್ ಓಟ ಐತ್ರಿ. ಬಾಗಲಕೋಟಿ, ಹುನಗುಂದ, ಇಳಕಲ್ಲ, ಎಲ್ಲಾ ಕಡೆಯಿಂದ ಬರ್ತಾರ. ಮೊದಲ ಬಂದ ಇಬ್ಬರು ದೊಡ್ಡ ಓಟಕ್ಕ ಹೋಗ್ತಾರ" ಎಂದಳು.

"ಹೋಗ್ಲಿ. ನಾ ಏನ ಹಿಡಕೊಂಡೇನೇನು?"

"ನೀವು ಹಿಡಕೊಂಡಿಲ್ರಿ. ನಿಮ್ಮ ಕಲ್ಲು ಹಿಡಕೊಂಡಾವು."

ನನಗೆ ನೆತ್ತಿಗೇರಿತು. "ಏನ್ರಿ ಅಕ್ಕೋರ, ಈ ರಸ್ತಾ ಮಾಡೂಮುಂದ ನಮ್ಮ ಮಾವ ತುಂಡು ಹೊಲ ಬಿಟ್ಟ ಕೊಟ್ಟಾರ. ನಮ್ಮ ಹೊಲದ ಎದಿ ಮ್ಯಾಲೆ ಹೋಗೇತಿ ಇದು. ಅದರ ಮ್ಯಾಲೆ ನಾಕ ದಿನ ಹುರಳಿ ಹಾಕಿದ್ರ ಯಾರ ಗಂಟ ಹೋಗತೈತಿ? ಕಣ್ಣ ಇದ್ದವ್ರಿಗೆ ಕಲ್ಲ ಕಾಣೂದಿಲ್ಲೇನು?"

"ಕಾಣತಾವ್ರಿ, ನಿಂತವ್ರಿಗೆ. ನೀವು ದಿನಾ ನಿಂತ ನೋಡೀರಿ. ಮ್ಯಾಲಿಂದ ಇಳಕೋತ ನೋಡಿಲ್ಲ."

"ನಾ ಹುರಳಿ ತಗ್ಯಾಂಗಿಲ್ಲ."

"ಹಂಗಾದ್ರ ಓಟಾನ ಕಲಾದಗಿ ಕಡೆ ಬಯಲ ರಸ್ತಾಕ್ಕ ಒಯ್ಯಬೇಕಾಗತೈತಿ. ನಾಳೆ ಮುಂಜಾನಿ ಒಳಗ ನಾ ಹೇಳಬೇಕು" ಎಂದಳು ಅನುರಾಧಾ. ಆಮೇಲೆ ಭಾಗ್ಯಜ್ಯೋತಿಯ ಕಡೆಗೆ ನೋಡಿದಳು. "ಬಯಲಾಗ ಈಕಿ ಗೆಲ್ಲೂದಿಲ್ರಿ. ಅಲ್ಲಿ ದಪ್ಪ ತೊಡಿ ಇದ್ದವ್ರು ಗೆಲ್ತಾರ. ಈಕಿ ಶಕ್ತಿ ಇರೂದು ಏರಿನಾಗ. ಈ ಗುಡ್ಡದಾಗ ಈಕೀನ ಮೀರಿಸವ್ರು ಇಲ್ಲ. ಮುಂದಿನ ವರ್ಷ ಈ ಓಟಕ್ಕ ಈಕಿ ವಯಸ್ಸ ದಾಟತೈತಿ."

ನಾನು ಭಾಗ್ಯಜ್ಯೋತಿಯನ್ನು ನೋಡಿದೆ. ಅವಳು ಏನಾದರೂ ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ.

"ಇರ್ಲಿ ಬಿಡ್ರಿ ಅಕ್ಕೋರ" ಎಂದಳು. "ದೊಡ್ಡವ್ವನ ಹುರಳಿ ಹಾಳಾಗತಾವು."

ಅನುರಾಧಾ ಸೈಕಲ್ ತಿರುಗಿಸಿಕೊಂಡು, "ನಾಳೆ ಮುಂಜಾನೆ ಬರ್ತೇನ್ರಿ. ಒಮ್ಮೆ ಸೈಕಲ್ ಮ್ಯಾಲೆ ಕುಂತ ಈ ದಾರಿ ಇಳೀರಿ. ಆಮ್ಯಾಲೆ ನೀವು ಇಲ್ಲ ಅಂದ್ರ, ನಾನೂ ಏನೂ ಅನ್ನೂದಿಲ್ಲ" ಎಂದಳು.

"ಕುಂದರತೇನಿ, ಯಾರಿಗೆ ಅಂಜಿಕಿ?" ಎಂದುಬಿಟ್ಟೆ. ನನ್ನ ಬಾಯಿಯೇ ಹಾಗೆ. ಬುದ್ಧಿ ಎದ್ದು ಮುಖ ತೊಳೆದುಕೊಳ್ಳುವುದರೊಳಗೆ ಅದು ಊರು ಸುತ್ತಿ ಬಂದಿರುತ್ತದೆ.

ಆ ಸಂಜೆ ಹುರಳಿ ಕಟ್ಟಿನ ಸಾರು ಮಾಡಿದ್ದೆ. ನಮ್ಮ ಮನೆಯವರು, ಅಂದರೆ ಶಂಕ್ರಪ್ಪನವರು, ರೊಟ್ಟಿ ಮುರಿದು ಎರಡು ತುತ್ತು ತಿಂದರು. ಮೂರನೆಯ ತುತ್ತಿಗೆ ಕಟಕ್ ಎಂದಿತು. ಬಾಯಿಂದ ಕಪ್ಪನೆಯ ಹರಳು ತೆಗೆದು ತಾಟಿನ ಅಂಚಿಗೆ ಇಟ್ಟರು.

"ಇವತ್ತ ಎಷ್ಟ ಕಿಲೋಮೀಟರ ರಸ್ತಾ ಹಾಕಿ ಸಾರ ಮಾಡಿದಿ?" ಎಂದರು.

"ನೋಡಕೊಂಡ ತಿನ್ರಿ."

"ಹೋದ ವರ್ಷ ಒಂದ ಹಲ್ಲ ಮುರೀತು. ಈ ವರ್ಷ ಎರಡನೇದು ಅಳ್ಳಾಡತೈತಿ. ರಸ್ತಾ ಪೂರಾ ತಿಂದ ಮುಗಸೂದ್ರಾಗ ನಾ ಬೊಚ್ಚಬಾಯಿ ಆಗತೇನಿ ನೋಡು" ಎಂದು ಎದ್ದು ಕೈ ತೊಳೆದರು.

ಮರುದಿನ ಬೆಳಕು ಹರಿಯುವಾಗ ಭಾಗ್ಯಜ್ಯೋತಿ ಸಾಲೆಯಲ್ಲಿ ಕೊಟ್ಟ ತನ್ನ ಹಳೆಯ ಸೈಕಲ್ ತಂದಿದ್ದಳು. ಅದಕ್ಕೆ ಹಿಂದೆ ಕ್ಯಾರಿಯರ್ ಇದೆ. ಅನುರಾಧಾ ತಿರುವಿನ ಹತ್ತಿರ ಮೊದಲೇ ಹೋಗಿ ನಿಂತಿದ್ದಳು. ರಾಜಮಹ್ಮದ ಟಂಟಂ ನಿಲ್ಲಿಸಿ, "ಅಕ್ಕ, ವಿಮಾನ ಎಷ್ಟಕ್ಕ ಹಾರತೈತಿ?" ಎಂದ.

"ನಿನ್ನ ತೆಲಿ ಮ್ಯಾಲೇನ ಇಳಸ್ತೇನಿ, ನಿಂದರು" ಎಂದು ಸೆರಗನ್ನು ಸೊಂಟಕ್ಕೆ ಬಿಗಿದು, ಸೀರೆಯ ನೆರಿಗೆ ಗಾಲಿಗೆ ಸಿಗದಂತೆ ಕಾಲಿನ ನಡುವೆ ಒತ್ತಿಕೊಂಡು ಕುಳಿತೆ. ಸೈಕಲ್ ಒಮ್ಮೆ ನರಳಿತು.

"ಗಟ್ಟಿ ಹಿಡಕೋ ದೊಡ್ಡವ್ವ. ಎರಡೂ ಬ್ರೇಕ್ ಹಿಡದs ಇಳಸ್ತೇನಿ. ಅಂಜಬ್ಯಾಡ."

ನಾನು ಅವಳ ಸೊಂಟ ಹಿಡಿದೆ. ಕೈಯಲ್ಲಿ ಎಲುಬೇ ಸಿಕ್ಕಿತು.

ಮೊದಲು ಊರು ಹಿಂದಕ್ಕೆ ಸರಿಯಿತು. ಆಮೇಲೆ ಬೇಲಿ, ಆಮೇಲೆ ನಮ್ಮದೇ ಹೊಲ. ನಲವತ್ತೆಂಟು ವರ್ಷ ಈ ಗುಡ್ಡದಲ್ಲಿ ಹುಲ್ಲು ಹೊತ್ತಿದ್ದೇನೆ, ನೀರು ಹೊತ್ತಿದ್ದೇನೆ. ಗುಡ್ಡವನ್ನು ಯಾವಾಗಲೂ ಕಾಲಿನಿಂದ ಕಂಡವಳು. ಆ ದಿನ ಗುಡ್ಡ ತಾನೇ ನನ್ನ ಕಡೆ ನಡೆದು ಬಂತು. ಕೆಂಪು ಬಂಡೆಗಳು ಒಂದೊಂದಾಗಿ ಎದ್ದು, ಯಾರ ಮನೆಯ ಕೂಸು ಇದು ಎಂಬಂತೆ ನನ್ನನ್ನು ನೋಡಿ, ಮತ್ತೆ ಕುಳಿತವು. ಕಣದಲ್ಲಿ ಎತ್ತುಗಳು ಮೇಟಿಕಂಬವನ್ನು ಸುತ್ತುತ್ತವಲ್ಲ, ಹಾಗೆ ಇಡೀ ಗುಡ್ಡ ನಮ್ಮಿಬ್ಬರನ್ನು ನಡುವೆ ಇಟ್ಟುಕೊಂಡು ನಿಧಾನವಾಗಿ ಸುತ್ತುತ್ತಿತ್ತು. ಕೆಳಗೆ ದೂರದಲ್ಲಿ ಮಂಜು ಹಾಲಿನ ಕೆನೆಯಂತೆ ಬಯಲಿನ ಮೇಲೆ ಕಟ್ಟಿತ್ತು. ಎಲ್ಲೋ ನವಿಲು ಕೂಗಿತು. ಗಾಳಿ ನನ್ನ ಕಿವಿಯೊಳಗೆ ಬಂದು, ನಾನು ಮರೆತೇ ಹೋಗಿದ್ದ ಒಂದು ಮಾತನ್ನು ಹೇಳಿತು.

ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಮಾಸ್ತರರ ಸೈಕಲ್ ಬೇವಿನ ಮರಕ್ಕೆ ಒರಗಿರುತ್ತಿತ್ತು. ಒಂದು ದಿನ ಯಾರೂ ಇಲ್ಲದಾಗ ಅದರ ಗಂಟೆಯನ್ನು ಒಮ್ಮೆ ಬಾರಿಸಿದ್ದೆ. ಅಷ್ಟೇ. ಅದಕ್ಕಿಂತ ಹೆಚ್ಚು ಸೈಕಲ್ ನನ್ನ ಬಾಳಿನಲ್ಲಿ ಬರಲಿಲ್ಲ. ಆ ಗಂಟೆಯ ದನಿ ಇಷ್ಟು ವರ್ಷ ಈ ಗುಡ್ಡದಲ್ಲೇ ಸುತ್ತುತ್ತಿತ್ತೋ ಏನೋ, ಆ ದಿನ ತಿರುಗಿ ಬಂದು ನನ್ನ ಎದೆಗೆ ತಾಗಿತು. ನಾನು ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ.

"ದೊಡ್ಡವ್ವ, ನಗಾಕತ್ತೀಯೇನ?"

"ಮುಂದ ನೋಡಿ ಹೊಡಿಲೇ!"

ತಿರುವು ಬಂತು. ಎತ್ತಿನಬಂಡೆಯ ನೆರಳು ರಸ್ತೆಯ ಮೇಲೆ ಅಡ್ಡ ಬಿದ್ದಿತ್ತು. ಕಣ್ಣು ಅಗಲಿಸಿ ನೋಡಿದೆ. ನನ್ನ ಕಲ್ಲು ನನಗೆ ಕಾಣಬೇಕಲ್ಲ! ಕೆಂಪು ಬಂಡೆ, ಅದರ ನೆರಳು, ನೆರಳಿನಲ್ಲಿ ಹುರಳಿಯ ಹೊಟ್ಟು, ಎಲ್ಲ ಒಂದೇ ಬಣ್ಣ. ಹದಿನಾಲ್ಕರಲ್ಲಿ ಒಂದೂ ಕಾಣಲಿಲ್ಲ. ಕಾಣಲಿಲ್ಲ, ಕಾಣಲಿಲ್ಲ, ಇದ್ದಕ್ಕಿದ್ದಂತೆ ಕಾಲಿನ ಬುಡದಲ್ಲೇ ಕಂಡಿತು.

"ಕಲ್ಲ!" ಎಂದು ಚೀರಿದೆ.

ಭಾಗ್ಯಜ್ಯೋತಿ ಒಂದು ಕಲ್ಲನ್ನು ತಪ್ಪಿಸಿದಳು. ಇನ್ನೊಂದಕ್ಕೆ ಗಾಲಿ ತಾಗಿತು. ಅದರಾಚೆ ಉದುರಿದ ಕಾಳು. ಗುಂಡನೆಯ ಹುರಳಿ ಡಾಂಬರಿನ ಮೇಲೆ ಎಣ್ಣೆಯಿದ್ದಂತೆ. ಸೈಕಲ್ ಒಂದು ಕಡೆ, ನಾವು ಒಂದು ಕಡೆ, ಮೆಲ್ಲಗೆ ಜಾರಿ ಹೊಟ್ಟಿನ ರಾಶಿಯೊಳಗೆ ಕುಳಿತುಬಿಟ್ಟೆವು. ನಾನು ಬಾಯಿತುಂಬ ಹೊಟ್ಟು ತುಂಬಿಕೊಂಡು ಕುಳಿತಿದ್ದೆ. ಪೆಟ್ಟು ಆಗಲಿಲ್ಲ. ನಾವು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಇಳಿದಿದ್ದೆವು, ಅಷ್ಟೇ. ಓಟದ ಹುಡುಗಿಯರು ಇದರ ನಾಲ್ಕು ಪಟ್ಟು ಜೋರಾಗಿ ಬರುತ್ತಾರೆ.

ಅನುರಾಧಾ ಓಡಿ ಬಂದಳು. ಅವಳು ಬರುವುದರೊಳಗೆ ಭಾಗ್ಯಜ್ಯೋತಿ ಎದ್ದಳು. ಎದ್ದವಳು ತನ್ನ ಮೊಣಕಾಲು ನೋಡಿಕೊಳ್ಳಲಿಲ್ಲ. ಗಾಲಿ ತಾಗಿ ಸರಿದಿದ್ದ ಕಲ್ಲನ್ನು ಎರಡೂ ಕೈಯಿಂದ ಎತ್ತಿ, ಅದು ಮೊದಲು ಇದ್ದ ಜಾಗದಲ್ಲೇ, ಪಕ್ಕದ ಕಲ್ಲಿಗೆ ತಾಗಿಸಿ ಇಟ್ಟಳು.

ಟಕ್.

ನನ್ನ ಕನಸಿನ ಸದ್ದು ಅದು.

"ಏನ ಮಾಡಿದಿ ಈಗ?" ಎಂದೆ.

ಅವಳು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. "ಏನಿಲ್ಲ ದೊಡ್ಡವ್ವ. ರೂಢಿ."

"ಎಂಥಾ ರೂಢಿ?"

ಹುಡುಗಿ ನೆಲ ನೋಡುತ್ತ ಹೇಳಿದಳು. "ದಿನಾ ಮುಂಜಾನೆ ಇಳಿಯೂಮುಂದ ಇಲ್ಲಿ ನಿಂತ ಕಲ್ಲ ಬದಿಗಿಡತೇನಿ. ಹೊಟ್ಟ ಸರಸ್ತೇನಿ. ತಿರುಗಿ ಬರೂಮುಂದ, ನೀ ಹುರಳಿ ಹರವಾಕ ಬರೂದ್ರೊಳಗ, ಮತ್ತ ಇದ್ದಲ್ಲೇ ಇಡತೇನಿ. ನಿನಗ ಗೊತ್ತಾಗಬಾರದಂತ. ಇವತ್ತ ಅಕ್ಕೋರು ಹಂಗs ಬಿಡು ಅಂದ್ರು."

"ಎಷ್ಟ ದಿನದಿಂದ?"

"ಮೂರ ವರ್ಷ ಆತು."

"ನನಗ್ಯಾಕ ಹೇಳಲಿಲ್ಲ?"

ಅವಳು ಅಂಗೈಯ ಧೂಳು ಒರೆಸಿಕೊಂಡಳು. ಆಮೇಲೆ ಹೇಳಿದಳು. "ನಿನ್ನ ಬಾಯಿಗೆ ಅಂಜಿ."

ಹದಿನಾಲ್ಕು ಕಲ್ಲು, ದಿನಕ್ಕೆ ಎರಡು ಸಲ, ಮೂರು ಮಾಗಿ. ಬುಟ್ಟಿಯಲ್ಲಿ ಇಟ್ಟುಕೊಳ್ಳುವಂಥ ಹುಡುಗಿ. ನಾನು ಕೌದಿಯೊಳಗೆ ಮಲಗಿ ಗುಡ್ಡದವ್ವ ಎಂದುಕೊಳ್ಳುತ್ತಿದ್ದೆ.

ನನಗೆ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆ ತೀರಿಸಲಿ? ಎದುರಿಗಿದ್ದ ಕಲ್ಲನ್ನು ಒದ್ದೆ. ಹೆಬ್ಬೆರಳಿಗೆ ಏಟು ಬಿತ್ತು. "ಯವ್ವಾ!" ಎಂದು ಅಲ್ಲೇ ಕುಳಿತೆ. ಅನುರಾಧಾ ನಗು ತಡೆದುಕೊಂಡು ನನ್ನ ಪಕ್ಕಕ್ಕೆ ಕುಳಿತು ಬೆರಳು ಒತ್ತಿದಳು.

"ನಿಮ್ಮ ಹುಡುಗಿಗೆ ಈ ಕಲ್ಲ ಎಲ್ಲಿ ಅದಾವ ಅಂತ ಗೊತ್ತೈತ್ರಿ" ಎಂದಳು ಮೆಲ್ಲಗೆ. "ಹುನಗುಂದದಿಂದ ಬರೂ ಹುಡುಗಿಗೆ ಗೊತ್ತಿಲ್ಲ. ಕತ್ತಲಾಗ ಬರೂ ಗಾಡಿ ಮ್ಯಾಲಿನವಗ ಗೊತ್ತಿಲ್ಲ. ದವಾಖಾನಿಗೆ ಬಸರಿ ಹೆಣ್ಮಗಳನ್ನ ಕರಕೊಂಡ ಹೊಂಟವಗ ಗೊತ್ತಿಲ್ಲ. ಈ ಹೊಟ್ಟು ಕಾರಿನ ಬುಡಕ್ಕ ಸುತಗೊಂಡ್ರ, ಬಿಸಿಗೆ ಬೆಂಕೀನೂ ಹತ್ತತೈತಿ."

ರಾಜಮಹ್ಮದ ಹಿಂದೆಯೇ ಬಂದು ನಿಂತಿದ್ದ. ಈ ಸಲ ಚೇಷ್ಟೆ ಮಾಡಲಿಲ್ಲ. "ಖರೆ ಐತಿ ಅಕ್ಕ. ಹೋದ ವರ್ಷ ನನ್ನ ಟಂಟಂ ಇಲ್ಲೇ ಒಂದ ಮಾರ ಜಾರಿತ್ತು. ಒಳಗ ಎಂಟ ಮಂದಿ ಇದ್ರು" ಎಂದ.

"ನೀನೂ ಹೇಳಲಿಲ್ಲಲ್ಲೋ ಮಾರಾಯ!"

"ನಿನ್ನ ಬಾಯಿಗೆ ನಾನೂ ಅಂಜತೇನವಾ. ಅದಕ್ಕs ನಗಿಚಾಟಕಿ ಮಾಡಿ ಹೋಗತಿದ್ದೆ."

ಇಡೀ ಊರಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

"ಕಲಾದಗಿಗೆ ಒಯ್ಯಬ್ಯಾಡ್ರಿ ಓಟ" ಎಂದೆ ಅನುರಾಧಾಗೆ. "ರವಿವಾರ ಮುಂಜಾನೆ ಈ ತಿರುವಿನಾಗ ಒಂದ ಕಾಳ ಇದ್ರ ನನ್ನ ಹೆಸರ ಚಂದವ್ವ ಅಲ್ಲ."

ಹುರಳಿಯನ್ನು ಎಲ್ಲಿಗೆ ಒಯ್ಯುವುದು? ಊರ ಹಿಂದೆ ಹಳೆಯ ಕಣವಿತ್ತು. ಗಾಡಿಗಳು ಹೆಚ್ಚಾಗಿ, ರಸ್ತೆಯ ಮೇಲೆ ರಾಶಿ ಮಾಡುವ ಚಟ ಹತ್ತಿದ ಮೇಲೆ ಅಲ್ಲಿ ಜಾಲಿ ಬೆಳೆದು ಕಸ ಬಿದ್ದಿತ್ತು. ಅಂದೇ ಮಧ್ಯಾಹ್ನ ಊರ ಮಹಿಳಾ ಸಂಘದ ಹೆಣ್ಣುಮಕ್ಕಳನ್ನು ಕರೆದೆ. ರಾಜಮಹ್ಮದನ ಹೆಂಡತಿ ತಬಸುಮ ನಮ್ಮ ಸಂಘದ ಕಾರ್ಯದರ್ಶಿ. ಅವಳು ಕುಡುಗೋಲು ಹಿಡಿದು ಮೊದಲು ಬಂದಳು. "ಅಕ್ಕ, ನೀ ಬೈದ ಕರೀತಿ ಅಂತ ಮಾಡಿದ್ದೆ. ಕೈ ಮುಗದ ಕರದಿ. ಅದಕ್ಕs ಎಲ್ಲಾರೂ ಅಂಜಿ ಬಂದಾರ" ಎಂದಳು.

ಎರಡು ದಿನದಲ್ಲಿ ಜಾಲಿ ಕಡಿದೆವು, ನೆಲ ಕೆತ್ತಿ ನೀರು ಹೊಡೆದು ತುಳಿದೆವು, ಸಗಣಿ ಸಾರಿಸಿದೆವು. ನಮ್ಮ ಮನೆಯವರು ಮೂಲೆಯಲ್ಲಿ ಬಿದ್ದಿದ್ದ ರೋಣಗಲ್ಲನ್ನು ಎಬ್ಬಿಸಿದರು. ಅಜ್ಜನ ಕಾಲದಲ್ಲಿ ತೆನೆಯ ಮೇಲೆ ಉರುಳಿಸುತ್ತಿದ್ದ ಗುಂಡನೆಯ ಕಲ್ಲು ಅದು. ಎತ್ತು ಹೂಡಿ ಎಳೆಸಿದಾಗ ಮೊದಲು ಗೊರಗೊರ ಎಂದು ಬೈಯಿತು. ಆಮೇಲೆ ನಿದ್ದೆಯಿಂದ ಎದ್ದ ಮುದುಕನಂತೆ ತನ್ನ ಹಾಡನ್ನು ನೆನಪು ಮಾಡಿಕೊಂಡಿತು. ಎತ್ತು ದಣಿದಾಗ ರಾಜಮಹ್ಮದ ಟಂಟಂ ತಂದು ಕಣದಲ್ಲೇ ಸುತ್ತು ಹೊಡೆದ. "ಊರ ಬಿಡದs ಕೆರೂರಿಗೆ ಹೋಗಿ ಬಂದಷ್ಟ ಓಡಸಿದೆ" ಎಂದು ಇಳಿದು ತಲೆ ತಿರುಗಿ ಕುಳಿತ.

ಹದಿನಾಲ್ಕು ಕಲ್ಲನ್ನು ನಾನೇ ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದು ಕಣದ ಸುತ್ತ ಇಟ್ಟೆ. ಸಹಾಯಕ್ಕೆ ಬಂದ ಭಾಗ್ಯಜ್ಯೋತಿಯನ್ನು ಮುಟ್ಟಗೊಡಲಿಲ್ಲ. "ನಿನ್ನ ಪಾಳಿ ಮುಗೀತು. ಹೋಗಿ ಮಲಗು" ಎಂದೆ. ಶನಿವಾರ ಸಂಜೆ ಪೊರಕೆ ಹಿಡಿದು ತಿರುವನ್ನು ಗುಡಿಸಿದೆ. ನನ್ನ ಅಂಗಳವನ್ನೂ ಹಾಗೆ ಗುಡಿಸಿದವಳಲ್ಲ.

ರವಿವಾರ ಬೆಳಗ್ಗೆ ಎತ್ತಿನಬಂಡೆಯ ಮೇಲೆ ಊರೆಲ್ಲ ಹತ್ತಿ ಕುಳಿತಿತ್ತು. ಮಂಜು ಇನ್ನೂ ಇತ್ತು. ಮೊದಲು ಕೇಳಿದ್ದು ಸದ್ದು. ದೂರದಲ್ಲಿ, ಗುಡ್ಡದ ಬೆನ್ನಿನ ಆಚೆಯಿಂದ, ಸರ್ರ್ ಎಂದು. ನನ್ನ ಕನಸು ಹಗಲಿನಲ್ಲಿ ಬರುತ್ತಿತ್ತು. ನಾನು ಎದ್ದು ನಿಂತೆ.

ಮಂಜಿನಿಂದ ಅವಳೇ ಮೊದಲು ಹೊರಬಿದ್ದಳು. ಏರಿನಲ್ಲೇ ಎಲ್ಲರನ್ನೂ ಹಿಂದೆ ಹಾಕಿದ್ದಳು. ಇಳಿಜಾರಿನಲ್ಲಿ ಬಾಗಿ, ಬಂಡೆಯ ನೆರಳಿನೊಳಗೆ ನುಗ್ಗಿದಳು. ಸದ್ದು ಇಲ್ಲಿ ನಿಲ್ಲಬೇಕಿತ್ತು. ಮೂರು ವರ್ಷ ಇಲ್ಲೇ ನಿಲ್ಲುತ್ತಿತ್ತು.

ನಿಲ್ಲಲಿಲ್ಲ. ಭಾಗ್ಯಜ್ಯೋತಿ ಕೆಳಗೆ ನೋಡಲೂ ಇಲ್ಲ. ಮುಖ ಎತ್ತಿ, ದೂರದ ಬಯಲನ್ನು ನೋಡುತ್ತ ತಿರುವು ದಾಟಿದಳು. ಅವಳ ಹಿಂದೆ ಹುನಗುಂದದ ಹುಡುಗಿ, ಇಳಕಲ್ಲಿನ ಹುಡುಗಿ, ಹೆಸರು ಗೊತ್ತಿಲ್ಲದ ಹತ್ತು ಹದಿನೈದು ಹುಡುಗಿಯರು, ಗುಬ್ಬಿಯ ಹಿಂಡಿನಂತೆ ಹಾದುಹೋದರು. ಒಬ್ಬಳೂ ಜಾರಲಿಲ್ಲ. ಕೊನೆಯ ಗಾಲಿಯ ಸದ್ದು ಕರಗಿದ ಮೇಲೂ ಬಂಡೆಯಿಂದ ಯಾರೂ ಇಳಿಯಲಿಲ್ಲ.

ಚೊಳಚಗುಡ್ಡದಲ್ಲಿ ಭಾಗ್ಯಜ್ಯೋತಿ ಎರಡನೆಯವಳಾಗಿ ಮುಟ್ಟಿದಳು. ಕೊನೆಯ ಬಯಲಿನಲ್ಲಿ ಹುನಗುಂದದ ಹುಡುಗಿ ಹಿಂದಿಕ್ಕಿದಳಂತೆ. ಇರಲಿ, ಇಬ್ಬರೂ ಆಯ್ಕೆಯಾದರು. ನಮ್ಮ ಮನೆಯವರಿಗೂ ಒಂದು ಬಹುಮಾನ ಸಿಕ್ಕಿತು. ಆ ರಾತ್ರಿಯ ಹುರಳಿ ಸಾರಿನಲ್ಲಿ ಒಂದೂ ಹರಳು ಸಿಗಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೇರವಾಗಿ ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ. ರಸ್ತೆಯ ಮೇಲೆ ರಾಶಿ ಮಾಡಬೇಡಿ. ಹುರಳಿ, ಸಜ್ಜೆ, ಜೋಳ, ತೊಗರಿ, ಯಾವುದೂ ಬೇಡ. ಊರಲ್ಲಿ ಹಳೆಯ ಕಣವಿದ್ದರೆ ನಾಲ್ಕು ಜನ ಸೇರಿ ಹಸನು ಮಾಡಿ. ಇಲ್ಲದಿದ್ದರೆ ಪಂಚಾಯಿತಿಗೆ ಹೋಗಿ ಕಣ ಕೇಳಿ, ಕೊಡುವವರೆಗೂ ಕೇಳಿ. ಅಲ್ಲಿಯವರೆಗೆ ಹೊಲದಲ್ಲೇ ತಾಡಪತ್ರಿ ಹಾಸಿ ಬಡಿಯಿರಿ. ರಸ್ತೆಯ ಮೇಲೆ ಕಲ್ಲು ಕಂಡರೆ, ಅದು ಯಾರದೇ ಆಗಿರಲಿ, ಇಳಿದು ಬದಿಗೆ ಹಾಕಿ. ಮತ್ತೆ ಇದ್ದಲ್ಲಿ ಇಡಬೇಡಿ.

ಇನ್ನೂ ಒಂದು ಮಾತು. ನಿಮ್ಮ ಬಾಯಿಗೆ ಅಂಜಿ ನಿಮ್ಮ ಮನೆಯ ಮಕ್ಕಳು ಯಾವ ಕಲ್ಲನ್ನು ಎತ್ತಿ ಇಡುತ್ತಿದ್ದಾರೋ, ಇವತ್ತೇ ಕೇಳಿ.

ಈಗಲೂ ಬೆಳಕು ಹರಿಯುವ ಹೊತ್ತಿಗೆ ನನಗೆ ಆ ಸದ್ದು ಕೇಳುತ್ತದೆ. ಸರ್ರ್ ಎಂದು ಬರುತ್ತದೆ, ಸರ್ರ್ ಎಂದು ಇಳಿದು ಹೋಗುತ್ತದೆ. ನಡುವೆ ಎಲ್ಲಿಯೂ ನಿಲ್ಲುವುದಿಲ್ಲ.